ಮೆಟ್ಟಿಲಿಗೆ ಸೆನ್ಸರ್ ಲೈಟ್: ಯಾವುದು ಕೊಳ್ಳಬೇಕು ಅನ್ನುವುದಕ್ಕೆ ಮೊದಲು ಎಲ್ಲಿ ಕೂರಿಸಬೇಕು

"ಮನೆ ಮೆಟ್ಟಿಲಿಗೆ ಮೋಷನ್ ಸೆನ್ಸರ್ ಹಾಕಿಸಬೇಕು, ಯಾವುದು ತಗೊಳ್ಳಲಿ?" ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಇದರ ಹಿಂದೆಯೇ ಹಾಕಿಸಿಕೊಂಡವರ ದೂರುಗಳೂ ಬರುತ್ತವೆ. "ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಹೊತ್ತಿಕೊಳ್ಳುತ್ತೆ." "ಹಗಲೆಲ್ಲ ಉರೀತಾನೇ ಇರುತ್ತೆ." "ಒಂದು ಸಲ ಹೊತ್ತಿಕೊಂಡ್ರೆ ಆರೋದೇ ಇಲ್ಲ." ಈ ದೂರುಗಳಲ್ಲಿ ಜಾಸ್ತಿ ಪಾಲು ಸೆನ್ಸರ್‌ನ ತಪ್ಪಲ್ಲ. ಕೂರಿಸಿದ ಜಾಗ ಸರಿಯಿಲ್ಲ, ಇಲ್ಲವೇ ವೈರಿಂಗ್ ಸರಿಯಿಲ್ಲ. ಅದಕ್ಕೇ ಈ ಲೇಖನದಲ್ಲಿ ಯಾವ ಕಂಪನಿಯದು ಒಳ್ಳೆಯದು ಅನ್ನುವ ಮಾತೇ ಇಲ್ಲ. ಜಾಗ, ವೈರು, ಸೆಟ್ಟಿಂಗ್, ಈ ಮೂರರ ಬಗ್ಗೆಯೇ ಹೇಳುತ್ತೇನೆ.

ಮೊದಲಿಗೆ ಕರೆಂಟ್ ಬಿಲ್ ಲೆಕ್ಕ ಮುಗಿಸಿಬಿಡೋಣ. 9 ವ್ಯಾಟ್‌ನ ಎರಡು ಎಲ್‌ಇಡಿ ಬಲ್ಬುಗಳನ್ನು ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ಉರಿಸಿದರೆ ತಿಂಗಳಿಗೆ ಸುಮಾರು 6.5 ಯೂನಿಟ್ ಆಗುತ್ತದೆ. ಸೆನ್ಸರ್ ಹಾಕಿ ದಿನಕ್ಕೆ ಒಟ್ಟು ಒಂದು ಗಂಟೆ ಉರಿದರೆ ಅರ್ಧ ಯೂನಿಟ್ ಸಾಕು. ಆದರೆ ಸೆನ್ಸರ್ ಕೂಡ ಹಗಲು ರಾತ್ರಿ ಎಚ್ಚರ ಇರಬೇಕಲ್ಲ? ಒಂದೊಂದು ಅರ್ಧ ವ್ಯಾಟ್ ಎಳೆಯುತ್ತದೆ ಅಂದುಕೊಂಡರೆ ಎರಡಕ್ಕೆ ತಿಂಗಳಿಗೆ ಮುಕ್ಕಾಲು ಯೂನಿಟ್. ಅಂದರೆ ಉಳಿಯುವುದು ಸುಮಾರು 5 ಯೂನಿಟ್. ಯೂನಿಟ್‌ಗೆ 6 ರೂಪಾಯಿ ಅಂತ ಹಿಡಿದರೂ 30 ರೂಪಾಯಿ. ಗೃಹಜ್ಯೋತಿ ಮಿತಿಯೊಳಗಿರುವ ಮನೆಗೆ ಅದೂ ಇಲ್ಲ. ಹಾಗಾಗಿ ದುಡ್ಡು ಉಳಿಸುವುದಕ್ಕೆ ಅಂತ ಇದನ್ನು ಮಾಡಿಸಬೇಡಿ. ರಾತ್ರಿ ನೀರು ಕುಡಿಯಲು ಇಳಿಯುವ ಅಜ್ಜಿಗೆ, ಎರಡೂ ಕೈಲಿ ಒಣಗಿದ ಬಟ್ಟೆ ಹಿಡಿದು ತಾರಸಿಯಿಂದ ಬರುವವರಿಗೆ ಮೊದಲ ಮೆಟ್ಟಿಲಿಗೆ ಕಾಲಿಡುವ ಮುಂಚೆಯೇ ಬೆಳಕು ಸಿಗಬೇಕು. ಈ ಕೆಲಸಕ್ಕೆ ಇಟ್ಟುಕೊಳ್ಳಬೇಕಾದ ಅಳತೆಗೋಲು ಅದೊಂದೇ.

ಸೆನ್ಸರ್ ನೋಡುವುದು ಏನನ್ನು?

ಅಂಗಡಿಯಲ್ಲಿ ಎರಡು ಬಗೆ ಸಿಗುತ್ತವೆ. ಒಂದು ಪಿಐಆರ್, ಇನ್ನೊಂದು ಮೈಕ್ರೊವೇವ್ ಅಥವಾ ರಾಡಾರ್.

ಪಿಐಆರ್ ತಾನಾಗಿ ಏನನ್ನೂ ಹೊರಕ್ಕೆ ಕಳಿಸುವುದಿಲ್ಲ. ನಮ್ಮ ಮೈ ಸದಾ ಶಾಖದ ಕಿರಣ, ಅಂದರೆ ಇನ್‌ಫ್ರಾರೆಡ್, ಹೊರಸೂಸುತ್ತಿರುತ್ತದೆ. ಅದು ಕಣ್ಣಿಗೆ ಕಾಣುವುದಿಲ್ಲ, ಪಿಐಆರ್‌ಗೆ ಕಾಣುತ್ತದೆ. ಸೆನ್ಸರ್ ಮೇಲಿರುವ ಹಾಲುಬಣ್ಣದ ಉಬ್ಬನ್ನು ಹತ್ತಿರದಿಂದ ನೋಡಿ, ಸಣ್ಣ ಸಣ್ಣ ಚೌಕಗಳಿರುತ್ತವೆ. ಅದು ಫ್ರೆನೆಲ್ ಲೆನ್ಸ್. ಎದುರಿನ ಜಾಗವನ್ನು ಬೀಸಣಿಗೆಯ ಕಡ್ಡಿಗಳ ಹಾಗೆ ಪಟ್ಟಿ ಪಟ್ಟಿಯಾಗಿ ವಿಂಗಡಿಸುವುದು ಅದರ ಕೆಲಸ. ಬಿಸಿಯಾದ ಮೈ ಒಂದು ಪಟ್ಟಿಯಿಂದ ಇನ್ನೊಂದಕ್ಕೆ ದಾಟಿದಾಗ ಶಾಖ ಏರಿಳಿಯುತ್ತದೆ. ಆ ಏರಿಳಿತಕ್ಕೆ ಸ್ವಿಚ್ ಬೀಳುತ್ತದೆ.

ಇದರಿಂದ ಎರಡು ಮಾತು ಹೊರಡುತ್ತವೆ. ಸೆನ್ಸರ್‌ನ ಎದುರು ಅಡ್ಡಕ್ಕೆ ಹಾದುಹೋದರೆ ಪಟಕ್ಕನೆ ಗೊತ್ತಾಗುತ್ತದೆ. ನೇರ ಅದರತ್ತಲೇ ನಡೆದು ಬಂದರೆ ಪಟ್ಟಿ ದಾಟುವುದು ಕಡಿಮೆ, ಹಾಗಾಗಿ ತಡವಾಗುತ್ತದೆ. ಎರಡನೆಯದು, ಅಲುಗಾಡದೆ ಕೂತರೆ ಅದರ ಪಾಲಿಗೆ ನೀವು ಇಲ್ಲವೇ ಇಲ್ಲ. ಮೆಟ್ಟಿಲ ಮೇಲೆ ಕೂತು ಫೋನಿನಲ್ಲಿ ಮಾತಾಡುವವರಿಗೆ ಲೈಟ್ ಆರಿಹೋಗುವುದು ಇದರಿಂದಲೇ.

ಮೈಕ್ರೊವೇವ್ ಸೆನ್ಸರ್ ಹಾಗಲ್ಲ. ಅದು ಅಲೆಗಳನ್ನು ಹೊರಕ್ಕೆ ಕಳಿಸಿ, ವಾಪಸ್ ಬರುವ ಅಲೆಯಲ್ಲಿ ವ್ಯತ್ಯಾಸ ಇದೆಯಾ ಅಂತ ನೋಡುತ್ತದೆ. ಸಾಮಾನ್ಯವಾಗಿ 5.8 ಗಿಗಾಹರ್ಟ್ಸ್‌ನವು. ಸಣ್ಣ ಚಲನೆಯೂ ಗೊತ್ತಾಗುತ್ತದೆ, ಬೇಸಿಗೆ ಚಳಿಗಾಲದ ಹಂಗಿಲ್ಲ. ಆದರೆ ಅಲೆಗಳು ಮರದ ಬಾಗಿಲು, ಗಾಜು, ತೆಳು ಗೋಡೆಯನ್ನು ದಾಟುತ್ತವೆ. ಮೆಟ್ಟಿಲ ಪಕ್ಕದ ಕೋಣೆಯಲ್ಲಿ ಯಾರಾದರೂ ಓಡಾಡಿದರೂ ಲೈಟ್ ಹೊತ್ತಿಕೊಳ್ಳಬಹುದು. ಸುತ್ತ ದಪ್ಪ ಗೋಡೆ ಇರುವ ಒಳಾಂಗಣದ ಮೆಟ್ಟಿಲಿಗೆ ಪರವಾಗಿಲ್ಲ. ರಸ್ತೆ ಕಡೆಯ ತೆರೆದ ಮೆಟ್ಟಿಲಿಗೆ ಬೇಡವೇ ಬೇಡ, ಗೇಟಿನ ಮುಂದೆ ಹೋಗುವ ಸ್ಕೂಟರಿಗೂ ದೀಪ ಹಚ್ಚುತ್ತದೆ. ನನ್ನ ಆಯ್ಕೆ ಕೇಳಿದರೆ ಮನೆ ಮೆಟ್ಟಿಲಿಗೆ ಪಿಐಆರ್. ಮುಂದೆ ಹೇಳುವುದೆಲ್ಲ ಅದಕ್ಕೇ.

ಮೂರು ದಾರಿ, ನಿಮ್ಮದು ಯಾವುದು?

ಬಾಡಿಗೆ ಮನೆ, ಗೋಡೆ ಮುಟ್ಟುವ ಹಾಗಿಲ್ಲ ಅಂದರೆ ಚಾರ್ಜ್ ಮಾಡುವ ಅಂಟು ಲೈಟು ಸಾಕು. ಮ್ಯಾಗ್ನೆಟ್ ಪಟ್ಟಿ ಅಂಟಿಸಿ ನಿಲ್ಲಿಸುವುದು, ಚಾರ್ಜ್ ಖಾಲಿಯಾದಾಗ ಕಿತ್ತು ಫೋನ್ ಚಾರ್ಜರ್‌ಗೆ ಹಾಕುವುದು. ಓಡಾಟ ಜಾಸ್ತಿ ಇರುವ ಮನೆಯಲ್ಲಿ ಬೇಗ ಖಾಲಿಯಾಗುತ್ತದೆ, ಸ್ವಲ್ಪ ದಿನದಲ್ಲಿ ಚಾರ್ಜ್ ಮಾಡುವುದಕ್ಕೇ ಬೇಜಾರು ಬರುತ್ತದೆ.

ಎರಡನೆಯದು ಸೆನ್ಸರ್ ಬಲ್ಬು. ಬಲ್ಬಿನೊಳಗೇ ಸೆನ್ಸರ್ ಇರುತ್ತದೆ. ಇರುವ ಬಲ್ಬ್ ತೆಗೆದು ಇದನ್ನು ಹಾಕಿ, ಸ್ವಿಚ್ ಆನ್ ಮಾಡಿ ಬಿಟ್ಟರೆ ಆಯಿತು. ಕೊಳ್ಳುವಾಗ ಹೋಲ್ಡರ್ ನೋಡಿಕೊಳ್ಳಿ. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಇರುವುದು ಒತ್ತಿ ತಿರುಗಿಸುವ ಪಿನ್ ಹೋಲ್ಡರ್, ಅಂದರೆ ಬಿ22. ಆನ್‌ಲೈನ್‌ನಲ್ಲಿ ಕಾಣುವ ಎಷ್ಟೋ ಬಲ್ಬುಗಳು ತಿರುಪಿನ ಇ27. ಈ ದಾರಿಯ ದೊಡ್ಡ ತೊಡಕು ಬೇರೆ: ಸೆನ್ಸರ್ ಎಲ್ಲಿರಬೇಕು ಅನ್ನುವುದನ್ನು ಹೋಲ್ಡರ್ ತೀರ್ಮಾನ ಮಾಡುತ್ತದೆ, ನೀವಲ್ಲ. ಬಲ್ಬ್ ಮೆಟ್ಟಿಲ ನಡುವೆ ಇದ್ದರೆ ಎರಡೂ ತುದಿ ಕತ್ತಲೆ. ಗ್ಲೋಬ್ ಅಥವಾ ಗಾಜಿನ ಶೇಡ್ ಒಳಗೆ ಹಾಕಿದರಂತೂ ಅದು ಕುರುಡು, ಯಾಕೆಂದರೆ ಮೈಶಾಖದ ಕಿರಣ ಗಾಜನ್ನು ದಾಟುವುದಿಲ್ಲ.

ಮೂರನೆಯದು ಬೇರೆ ಸೆನ್ಸರ್, ಬೇರೆ ಲೈಟು. ಸ್ವಂತ ಮನೆಯಾದರೆ ಇದನ್ನೇ ಮಾಡಿಸಿ. ಸೆನ್ಸರ್ ಬೇಕಾದಲ್ಲಿ, ಲೈಟ್ ಬೇಕಾದಲ್ಲಿ. ಹಾಳಾದರೆ ಹಾಳಾದದ್ದನ್ನು ಮಾತ್ರ ಬದಲಿಸಬಹುದು.

ಮೆಟ್ಟಿಲು ಒಂದೊಂದಾಗಿ ಬೆಳಗುತ್ತಾ ಹೋಗುವ ಎಲ್‌ಇಡಿ ಪಟ್ಟಿಗಳ ಬಗ್ಗೆಯೂ ಕೇಳುತ್ತಾರೆ. ನೋಡಲು ಚೆಂದ. ಅದಕ್ಕೆ 12 ಅಥವಾ 24 ವೋಲ್ಟ್ ಅಡಾಪ್ಟರ್, ಕಂಟ್ರೋಲರ್, ಪ್ರತಿ ಮೆಟ್ಟಿಲಿಗೂ ವೈರು ಬೇಕು. ಮನೆ ಕಟ್ಟುವಾಗಲೇ ಪೈಪ್ ಹಾಕಿಸಿದ್ದರೆ ಸರಿ, ಕಟ್ಟಿ ಮುಗಿದ ಮೇಲೆ ಗ್ರಾನೈಟ್ ಕೊರೆಯುವ ರಗಳೆ ಬೇಡ.

ಏನೇನು ಬೇಕು

ಒಂದು ಮಹಡಿಯ ಮೆಟ್ಟಿಲಿಗೆ ಎರಡು ಪಿಐಆರ್ ಸೆನ್ಸರ್, ಕೆಳಗೊಂದು ಮೇಲೊಂದು. 230 ವೋಲ್ಟ್‌ನದು, ಮೂರು ವೈರಿನದು. ಎರಡೇ ವೈರಿನ ಸೆನ್ಸರ್‌ಗಳೂ ಸಿಗುತ್ತವೆ, "ನ್ಯೂಟ್ರಲ್ ಬೇಡ" ಅಂತ ಮಾರುತ್ತಾರೆ. ಅವು ತಮಗೆ ಬೇಕಾದ ಕರೆಂಟನ್ನು ಬಲ್ಬಿನ ಮೂಲಕವೇ ಎಳೆದುಕೊಳ್ಳುತ್ತವೆ. ಎಲ್‌ಇಡಿ ಬಲ್ಬಿಗೆ ಅಷ್ಟೇ ಸಾಕು, ಆರಿದ ಮೇಲೂ ಮಂಕಾಗಿ ಉರಿಯುವುದು, ಮಿಣುಕುವುದು ಶುರು.

ಡಬ್ಬದ ಮೇಲೆ ಲೋಡ್, ಅಂದರೆ ಎಷ್ಟು ವ್ಯಾಟ್ ಬಲ್ಬು ತಡೆಯುತ್ತದೆ ಅನ್ನುವುದನ್ನು, ಓದಿ. 1200 ವ್ಯಾಟ್ ಅಂತ ದೊಡ್ಡದಾಗಿ ಇರುತ್ತದೆ, ಅದು ಹಳೇ ತಂತಿ ಬಲ್ಬಿಗೆ. ಪಕ್ಕದಲ್ಲಿ ಸಣ್ಣದಾಗಿ ಎಲ್‌ಇಡಿಗೆ 300 ವ್ಯಾಟ್ ಅಂತಲೋ ಇನ್ನೂ ಕಡಿಮೆಯೋ ಇರುತ್ತದೆ. ಎಲ್‌ಇಡಿ ಡ್ರೈವರ್ ಹೊತ್ತಿಕೊಳ್ಳುವ ಕ್ಷಣದಲ್ಲಿ ಒಮ್ಮೆಗೆ ಜೋರಾಗಿ ಕರೆಂಟ್ ಎಳೆಯುತ್ತದೆ, ಅದಕ್ಕೆ ಈ ವ್ಯತ್ಯಾಸ. ಎರಡು ಮೂರು ಬಲ್ಬಿಗೆ ಏನೂ ಆಗುವುದಿಲ್ಲ. ಇಡೀ ಕಟ್ಟಡದ ಲೈಟುಗಳನ್ನು ಒಂದೇ ಸೆನ್ಸರ್‌ಗೆ ಕಟ್ಟಬೇಡಿ.

ಮಳೆ ಎರಚಲು ಬೀಳುವ ಜಾಗವಾದರೆ ಐಪಿ44 ಅಥವಾ ಐಪಿ65 ಅಂತ ಇರುವುದನ್ನು ಕೊಳ್ಳಿ. ಧೂಳು ನೀರನ್ನು ಎಷ್ಟು ತಡೆಯುತ್ತದೆ ಅನ್ನುವ ಗುರುತು ಅದು. ಎರಡನೇ ಅಂಕಿ ನೀರಿನದು: 4 ಅಂದರೆ ಎರಚಲು, 5 ಅಂದರೆ ಪೈಪಿನ ನೀರಿನ ಧಾರೆ.

ಇಷ್ಟಲ್ಲದೆ 1 ಅಥವಾ 1.5 ಚದರ ಮಿ.ಮೀ. ತಾಮ್ರದ ವೈರು, ಕನೆಕ್ಟರ್, ಜಂಕ್ಷನ್ ಬಾಕ್ಸ್, ಟೆಸ್ಟರ್, ಏಣಿ. ಗೋಡೆ ಒಡೆಯಲು ಮನಸ್ಸಿಲ್ಲದಿದ್ದರೆ ಕೇಸಿಂಗ್ ಪಟ್ಟಿ. ಮತ್ತೆ ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್. ಹಂತ 3 ಮತ್ತು 4ನ್ನು ಅವರೇ ಮಾಡಬೇಕು. ಉಳಿದದ್ದು ನಿಮ್ಮ ಕೆಲಸ. ನಿಜ ಹೇಳಬೇಕೆಂದರೆ ಲೈಟ್ ಸರಿಯಾಗಿ ಕೆಲಸ ಮಾಡುತ್ತದೋ ಇಲ್ಲವೋ ಅನ್ನುವುದು ಆ ಉಳಿದದ್ದರ ಮೇಲೇ ನಿಂತಿದೆ.

ಹಂತ 1: ರಾತ್ರಿ ಒಮ್ಮೆ ನಡೆದು ನೋಡಿ

ಎಲೆಕ್ಟ್ರಿಷಿಯನ್ ಬರುವ ಮುಂಚೆ, ಕತ್ತಲಾದ ಮೇಲೆ, ಎಲ್ಲ ಲೈಟ್ ಆರಿಸಿ ಮೆಟ್ಟಿಲ ಹತ್ತಿರ ಹೋಗಿ. ಫೋನಿನ ಟಾರ್ಚ್ ಇಟ್ಟುಕೊಳ್ಳಿ. ಯಾವ ಯಾವ ಬಾಗಿಲಿನಿಂದ ಜನ ಮೆಟ್ಟಿಲಿಗೆ ಬರುತ್ತಾರೆ ಅಂತ ಗುರುತು ಮಾಡಿಕೊಳ್ಳಿ. ಕೆಳಗೆ ಹಾಲ್‌ನಿಂದ, ಅಡುಗೆಮನೆಯಿಂದ. ಮೇಲೆ ಎರಡು ಕೋಣೆಯಿಂದ, ತಾರಸಿ ಬಾಗಿಲಿನಿಂದ. ಪ್ರತಿ ದಾರಿಯಲ್ಲೂ ಮೊದಲ ಮೆಟ್ಟಿಲಿಗೆ ಎರಡು ಹೆಜ್ಜೆ ಮುಂಚಿನ ಜಾಗಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಆ ಗೆರೆ ದಾಟುವಾಗ ಸೆನ್ಸರ್‌ಗೆ ಕಾಣಬೇಕು. ಇದಿಷ್ಟು ಗೊತ್ತಿದ್ದರೆ ಅರ್ಧ ಕೆಲಸ ಆಯಿತು.

ಇಳಿಯುವ ದಾರಿಗೆ ಹೆಚ್ಚು ಗಮನ ಕೊಡಿ. ಹತ್ತುವಾಗ ಎಡವಿದರೆ ಕೈ ಊರಬಹುದು. ಇಳಿಯುವಾಗ ಎಡವಿದರೆ ನೇರ ಕೆಳಗೆ.

ಬಲ್ಬ್ ಎಲ್ಲಿರಬೇಕು ಅನ್ನುವುದನ್ನೂ ಈಗಲೇ ನೋಡಿ. ಮೇಲಿನ ತುದಿಯಲ್ಲಿ ಮಾತ್ರ ಲೈಟ್ ಇದ್ದರೆ, ಇಳಿಯುವಾಗ ಬೆಳಕು ಬೆನ್ನ ಹಿಂದೆ ಬೀಳುತ್ತದೆ. ನಿಮ್ಮ ನೆರಳೇ ಮೆಟ್ಟಿಲು ಮುಚ್ಚುತ್ತದೆ. ಟಾರ್ಚನ್ನು ಒಬ್ಬರ ಕೈಲಿ ಕೊಟ್ಟು ಮೇಲೆ ನಿಲ್ಲಿಸಿ ಇಳಿದು ನೋಡಿ, ಗೊತ್ತಾಗುತ್ತದೆ. ಹಾಗಾಗಿ ಎರಡು ಸಣ್ಣ ಲೈಟು, ಕೆಳಗೊಂದು ಮೇಲೊಂದು, ಒಂದು ದೊಡ್ಡ ಲೈಟಿಗಿಂತ ವಾಸಿ. ಅರ್ಧದಲ್ಲಿ ತಿರುಗುವ ಮೆಟ್ಟಿಲಾದರೆ ಆ ತಿರುವಿನ ಕಟ್ಟೆಗೆ, ಅಂದರೆ ಲ್ಯಾಂಡಿಂಗ್‌ಗೆ, ಮೂರನೆಯದು. ನಡುರಾತ್ರಿ ಎದ್ದವರ ಕಣ್ಣಿಗೆ ಬಿಳಿ ಬೆಳಕು ಚುಚ್ಚುತ್ತದೆ. ಹಳದಿ ಛಾಯೆಯ 3000 ಕೆಲ್ವಿನ್ ಬಲ್ಬ್ ಹಾಕಿ.

ಹಂತ 2: ಸೆನ್ಸರ್ ಜಾಗ ಗುರುತಿಸಿ

ತುಂಬಾ ಜನ ಮೆಟ್ಟಿಲ ನೆತ್ತಿಯ ಮೇಲೆ, ಕೆಳಮುಖವಾಗಿ ಇಡೀ ಮೆಟ್ಟಿಲು ಕಾಣುವ ಹಾಗೆ ಒಂದೇ ಸೆನ್ಸರ್ ಹಾಕಿಸುತ್ತಾರೆ. ಲೆಕ್ಕಕ್ಕೆ ಸರಿಯಾಗೇ ಕಾಣುತ್ತದೆ. ಆದರೆ ಕೆಳಗಿನಿಂದ ಹತ್ತುವವರು ಆ ಸೆನ್ಸರ್‌ನತ್ತ ನೇರ ನಡೆದು ಬರುತ್ತಾರೆ. ಪಿಐಆರ್‌ಗೆ ಕಷ್ಟವಾಗುವ ದಿಕ್ಕು ಅದೇ ಅಲ್ವಾ? ನಾಲ್ಕು ಮೆಟ್ಟಿಲು ಹತ್ತಿದ ಮೇಲೆ ಹೊತ್ತಿಕೊಳ್ಳುವ ಲೈಟಿನ ಗುಟ್ಟು ಇಲ್ಲಿದೆ.

ಸರಿಯಾದ ಕ್ರಮ: ಮೊದಲ ಮೆಟ್ಟಿಲ ಪಕ್ಕದ ಗೋಡೆಯ ಮೇಲೆ, 2ರಿಂದ 2.5 ಮೀಟರ್ ಎತ್ತರದಲ್ಲಿ, ಮೆಟ್ಟಿಲಿಗೆ ಅಡ್ಡವಾಗಿ ನೋಡುವಂತೆ. ನೀವು ಎಳೆದ ಸೀಮೆಸುಣ್ಣದ ಗೆರೆ ಅದರ ನೋಟದೊಳಗೆ ಬರಬೇಕು. ಮೇಲಿನ ತುದಿಯಲ್ಲೂ ಹಾಗೇ. ಗೋಡೆ ಸಿಗದಿದ್ದರೆ ಸೀಲಿಂಗ್‌ಗೆ ಹಾಕುವ 360 ಡಿಗ್ರಿ ಬಗೆ. ಅದನ್ನು ಮೆಟ್ಟಿಲ ನಡುವೆ ಅಲ್ಲ, ಗೆರೆಯ ನೆತ್ತಿಗೆ ಹಾಕಿಸಿ.

ಕೆಲವು ಜಾಗ ಬೇಡ:

- ಬಿಸಿಲು ನೇರ ಬೀಳುವ ಕಿಟಕಿಯ ಎದುರು. ಮೋಡ ಸರಿದಾಗಲೆಲ್ಲ ಗೋಡೆ ನೆಲದ ಶಾಖ ಏರಿಳಿಯುತ್ತದೆ.
- ಅಡುಗೆಮನೆ ಒಲೆ, ಗೀಸರ್, ಫ್ರಿಜ್‌ನ ಹಿಂಭಾಗ, ಎಸಿ ಗಾಳಿ ಬರುವ ದಿಕ್ಕು.
- ಗಾಳಿಗೆ ಹಾರುವ ಪರದೆ, ಒಣಹಾಕಿದ ಬಟ್ಟೆ.
- ಅದೇ ಸೆನ್ಸರ್ ಹೊತ್ತಿಸುವ ಬಲ್ಬಿಗೆ ತೀರಾ ಹತ್ತಿರ. ಬಲ್ಬಿನ ಶಾಖ, ಬೆಳಕು ಎರಡೂ ಅದಕ್ಕೆ ಗೊಂದಲ ತರುತ್ತವೆ.
- ಹಾಲ್ ಕಡೆಗೆ ತೆರೆದ ನೋಟ. ಟಿವಿ ಮುಂದೆ ಓಡಾಡುವವರಿಗೆಲ್ಲ ಮೆಟ್ಟಿಲ ಲೈಟ್ ಹೊತ್ತಿಕೊಳ್ಳುತ್ತಿರುತ್ತದೆ.

ಕೊನೆಯದಕ್ಕೆ ಪರಿಹಾರ ಇದೆ. ಲೆನ್ಸ್‌ನ ಆ ಬದಿಗೆ ಅಲ್ಯೂಮಿನಿಯಂ ಫಾಯಿಲ್ ಟೇಪ್ ಅಂಟಿಸಿ ನೋಟ ಮುಚ್ಚಬಹುದು. ತೆಳು ಪ್ಲಾಸ್ಟಿಕ್ ಹಾಳೆ ಸಾಲದು. ಲೆನ್ಸ್ ಕೂಡ ಪ್ಲಾಸ್ಟಿಕ್‌ನದೇ, ಶಾಖದ ಕಿರಣ ಅದರೊಳಗೆ ಹಾಯುತ್ತದೆ. ಮನೆಯಲ್ಲಿ ಬೆಕ್ಕು ನಾಯಿ ಇದ್ದರೂ ಇದೇ ಉಪಾಯ, ಗೋಡೆ ಸೆನ್ಸರ್‌ನಲ್ಲಿ ನೆಲ ನೋಡುವ ಕೆಳಭಾಗದ ಪಟ್ಟಿ ಮುಚ್ಚಿ. ಬೆಕ್ಕು ಮೆಟ್ಟಿಲೇರಿ ಸೆನ್ಸರ್ ಎತ್ತರಕ್ಕೆ ಬಂದರೆ ಏನೂ ಮಾಡಲಾಗುವುದಿಲ್ಲ, ಅದಕ್ಕೂ ಬೆಳಕು ಸಿಗಲಿ ಬಿಡಿ.

ಕೊರೆಯುವ ಮುಂಚೆ ಸೆನ್ಸರನ್ನು ಡಬಲ್ ಟೇಪಿನಲ್ಲಿ ಆ ಜಾಗಕ್ಕೆ ಅಂಟಿಸಿ, ಎಲೆಕ್ಟ್ರಿಷಿಯನ್ ಕೈಲಿ ತಾತ್ಕಾಲಿಕವಾಗಿ ಲೈನ್ ಕೊಡಿಸಿ ಪರೀಕ್ಷೆ ಮಾಡಿ. ಅಂಟಿಸಿದ್ದನ್ನು ಒಂದು ಅಡಿ ಸರಿಸುವುದು ಸುಲಭ. ಕೊರೆದ ತೂತು ಮುಚ್ಚಿ ಬಣ್ಣ ಹೊಂದಿಸುವುದು ಸುಲಭವಲ್ಲ.

ಹಂತ 3: ಕರೆಂಟ್ ಪೂರ್ತಿ ತೆಗೆಯಿರಿ, ಇನ್ವರ್ಟರ್ ಸಮೇತ

ಮೇನ್ ಬೋರ್ಡಿನಲ್ಲಿ ಎಂಸಿಬಿ, ಅಂದರೆ ಲೈನ್ ಕಡಿಯುವ ಸ್ವಿಚ್ಚನ್ನು, ಕೆಳಗೆ ಮಾಡಿದರೆ ಮುಗಿಯಿತು ಅಂದುಕೊಳ್ಳುತ್ತೇವೆ. ಇನ್ವರ್ಟರ್ ಇರುವ ಮನೆಯಲ್ಲಿ ಆಗಲೇ ಅಪಾಯ ಶುರು. ಮೇನ್ ಹೋದ ಕೂಡಲೇ ಇನ್ವರ್ಟರ್ ಎದ್ದು ಮೆಟ್ಟಿಲ ಲೈಟಿನ ಲೈನಿಗೆ 230 ವೋಲ್ಟ್ ಕೊಡುತ್ತದೆ. ಮೆಟ್ಟಿಲ ಲೈಟ್ ಸಾಮಾನ್ಯವಾಗಿ ಇನ್ವರ್ಟರ್ ಲೈನಿನಲ್ಲೇ ಇರುತ್ತದೆ. ಇನ್ವರ್ಟರನ್ನು ಅದರ ಸ್ವಿಚ್‌ನಲ್ಲೇ ಆಫ್ ಮಾಡಿ, ಔಟ್‌ಪುಟ್ ತಪ್ಪಿಸಿ. ಆಮೇಲೆ ಟೆಸ್ಟರನ್ನು ಮೊದಲು ಕರೆಂಟ್ ಇದೆ ಅಂತ ಗೊತ್ತಿರುವ ಕಡೆ ಮುಟ್ಟಿಸಿ ಅದು ಕೆಲಸ ಮಾಡುತ್ತಿದೆ ಅಂತ ಖಾತ್ರಿ ಮಾಡಿಕೊಂಡು, ನಂತರ ಲೈಟ್ ಪಾಯಿಂಟ್‌ನ ಎಲ್ಲ ವೈರಿಗೂ ಮುಟ್ಟಿಸಿ ನೋಡಬೇಕು. ಕಪ್ಪು ವೈರಿಗೂ.

ಇದನ್ನು ಎಲೆಕ್ಟ್ರಿಷಿಯನ್‌ಗೂ ಬಾಯಿಬಿಟ್ಟು ಹೇಳಿ. ನಿಮ್ಮ ಮನೆ ಇನ್ವರ್ಟರ್ ಎಲ್ಲಿದೆ, ಯಾವ ಲೈನಿಗೆ ಕೊಟ್ಟಿದೆ ಅನ್ನುವುದು ಅವರಿಗೆ ಗೊತ್ತಿರಲಾರದು.

ಹಂತ 4: ವೈರಿಂಗ್

ಮೂರು ಮಾತು ಅರ್ಥವಾಗಿದ್ದರೆ ಸಾಕು. ಫೇಸ್: ಕರೆಂಟ್ ಬರುವ ವೈರು. ನ್ಯೂಟ್ರಲ್: ವಾಪಸ್ ಹೋಗುವ ವೈರು. ಲೋಡ್: ಸೆನ್ಸರ್‌ನಿಂದ ಬಲ್ಬಿಗೆ ಹೋಗುವ ಫೇಸ್. ಫೇಸ್ ಮತ್ತು ನ್ಯೂಟ್ರಲ್ ಎರಡೂ ಸೆನ್ಸರ್‌ಗೆ ಬರಬೇಕು. ಬಲ್ಬಿನ ಒಂದು ತುದಿಗೆ ಲೋಡ್, ಇನ್ನೊಂದಕ್ಕೆ ಅದೇ ನ್ಯೂಟ್ರಲ್.

ಈಗ ಅತಿ ಹೆಚ್ಚು ಸೆನ್ಸರ್ ಸುಡುವ ಜಾಗಕ್ಕೆ ಬಂದೆವು: ಬಣ್ಣ. ನಮ್ಮ ಮನೆಗಳ ವೈರಿಂಗ್‌ನಲ್ಲಿ ರೂಢಿಯಾಗಿ ಕೆಂಪು ಫೇಸ್, ಕಪ್ಪು ನ್ಯೂಟ್ರಲ್, ಹಸಿರು ಅರ್ತ್. ಸೆನ್ಸರ್‌ನಿಂದ ಹೊರಬರುವ ವೈರುಗಳಲ್ಲಿ ಸಾಮಾನ್ಯವಾಗಿ ಕಂದು ಫೇಸ್, ನೀಲಿ ನ್ಯೂಟ್ರಲ್, ಕೆಂಪು ಲೋಡ್. ಅವಸರದಲ್ಲಿ ಗೋಡೆಯ ಕೆಂಪಿಗೆ ಸೆನ್ಸರ್‌ನ ಕೆಂಪು ಕೊಟ್ಟರೆ ಫೇಸ್ ಹೋಗಿ ಲೋಡ್‌ಗೆ ಕೂರುತ್ತದೆ. ಮೂರು ಫೇಸ್ ಇರುವ ಮನೆಯಲ್ಲಿ ನೀಲಿ ವೈರು ಫೇಸ್ ಕೂಡ ಆಗಿರಬಹುದು. ಬಣ್ಣ ನಂಬಬೇಡಿ. ಸೆನ್ಸರ್ ಮೈಮೇಲಿನ ಚಿತ್ರ ನೋಡಿ, ಗೋಡೆಯ ವೈರನ್ನು ಪರೀಕ್ಷಿಸಿ, ಆಮೇಲೆ ಸೇರಿಸಿ.

ಸೆನ್ಸರನ್ನು ಹಳೇ ಸ್ವಿಚ್ ಬಾಕ್ಸಿಗೆ ಹಾಕಿಸಲು ಹೋದರೆ ಅಲ್ಲಿ ನ್ಯೂಟ್ರಲ್ ಇಲ್ಲದಿರುವ ಸಂಭವ ಜಾಸ್ತಿ. ಸ್ವಿಚ್‌ಗೆ ನ್ಯೂಟ್ರಲ್ ಬೇಕಾಗಿಯೇ ಇಲ್ಲ, ಹಾಗಾಗಿ ಎಳೆದಿರುವುದಿಲ್ಲ. ಲೈಟ್ ಪಾಯಿಂಟ್‌ನಲ್ಲಿ ಮಾತ್ರ ಖಂಡಿತ ಇರುತ್ತದೆ. ಅಲ್ಲಿಂದ ಎಳೆಯಿಸಿ. ಸಿಕ್ಕಿದ ಪಕ್ಕದ ಕೋಣೆಯ ನ್ಯೂಟ್ರಲ್ ತಂದು ಸೇರಿಸಲು ಬಿಡಬೇಡಿ. ಆರ್‌ಸಿಸಿಬಿ, ಅಂದರೆ ಕರೆಂಟ್ ಸೋರಿದರೆ ಲೈನ್ ಕಡಿಯುವ ಸಾಧನ, ಹೋದ ಕರೆಂಟೂ ವಾಪಸ್ ಬಂದ ಕರೆಂಟೂ ಸಮ ಇದೆಯಾ ಅಂತ ನೋಡುತ್ತಿರುತ್ತದೆ. ಬೇರೆ ಲೈನಿನ ನ್ಯೂಟ್ರಲ್ ಸೇರಿಸಿದರೆ ಲೆಕ್ಕ ತಪ್ಪಿ ಟ್ರಿಪ್ ಆಗುತ್ತದೆ. ಇನ್ವರ್ಟರ್ ಲೈನಿನ ಫೇಸ್‌ಗೆ ಮೇನ್ ಲೈನಿನ ನ್ಯೂಟ್ರಲ್ ಬೆರೆಸುವುದಂತೂ ಇನ್ನೂ ಕೆಟ್ಟದ್ದು.

ಇನ್ನು ಟೂ-ವೇ ಸ್ವಿಚ್. ಕೆಳಗೆ ಹಾಕಿ ಮೇಲೆ ಆರಿಸುವ ಜೋಡಿ ಸ್ವಿಚ್ ಎಷ್ಟೋ ಮನೆಗಳಲ್ಲಿದೆ. ಅದರ ಔಟ್‌ಪುಟ್ ತಂದು ಸೆನ್ಸರ್‌ಗೆ ಕೊಟ್ಟರೆ ಕೆಲಸವೇನೋ ಆಗುತ್ತದೆ. ಆದರೆ ಮನೆಗೆ ಬಂದ ನೆಂಟರು ಅಭ್ಯಾಸಬಲದಿಂದ ಸ್ವಿಚ್ ಒತ್ತಿದ ಕೂಡಲೇ ಸೆನ್ಸರ್‌ಗೇ ಕರೆಂಟ್ ಇಲ್ಲ. ಇದಕ್ಕೆ ಒಂದು ಹೊಸ ವೈರಿನ ಪರಿಹಾರ ಇದೆ. ಟೂ-ವೇ ಸ್ವಿಚ್‌ಗೆ ಫೇಸ್ ಬರುವ ಬಾಕ್ಸಿನಿಂದ, ಅದೇ ಫೇಸ್‌ನಿಂದ, ನೇರವಾಗಿ ಸೆನ್ಸರ್‌ಗೆ ಒಂದು ವೈರು ಎಳೆಯಿಸಿ. ಸೆನ್ಸರ್‌ಗೆ ಈಗ ಸದಾ ಕರೆಂಟ್. ಹಳೇ ಟೂ-ವೇ ಔಟ್‌ಪುಟ್ ಬಲ್ಬಿಗೆ ಹೋಗುತ್ತಿತ್ತಲ್ಲ, ಅದು ಹಾಗೇ ಇರಲಿ. ಸೆನ್ಸರ್‌ನ ಲೋಡ್ ವೈರನ್ನೂ ಬಲ್ಬಿನ ಅದೇ ತುದಿಗೆ ಸೇರಿಸಿ. ಸ್ವಿಚ್ ಆಫ್ ಇದ್ದಾಗ ಸೆನ್ಸರ್ ನೋಡಿಕೊಳ್ಳುತ್ತದೆ. ಹಬ್ಬಕ್ಕೆ ಜನ ಬಂದಾಗ, ಮನೆ ಸಾಮಾನು ಸಾಗಿಸುವಾಗ ಸ್ವಿಚ್ ಹಾಕಿದರೆ ಲೈಟ್ ಉರಿಯುತ್ತಲೇ ಇರುತ್ತದೆ. ಸೆನ್ಸರ್ ಕೆಟ್ಟರೂ ಮೆಟ್ಟಿಲು ಕತ್ತಲಾಗುವುದಿಲ್ಲ. ನನ್ನ ಮಟ್ಟಿಗೆ ಇದು ಇಲ್ಲದೆ ಸೆನ್ಸರ್ ಹಾಕಿಸಲೇಬಾರದು.

ಎಚ್ಚರ: ಎರಡೂ ಒಂದೇ ಫೇಸ್ ಆಗಿರಲೇಬೇಕು. ಸೆನ್ಸರ್‌ಗೆ ಇನ್ವರ್ಟರ್ ಫೇಸ್, ಸ್ವಿಚ್‌ಗೆ ಮೇನ್ ಫೇಸ್ ಆದರೆ ಎರಡೂ ಒಟ್ಟಿಗೆ ಆನ್ ಆದ ಕ್ಷಣ ಒಂದಕ್ಕೊಂದು ಡಿಕ್ಕಿ. ಸೆನ್ಸರ್ ಅಲ್ಲ, ಇನ್ವರ್ಟರೇ ಹೋಗುತ್ತದೆ.

ಮೇಲಿನ ಮತ್ತು ಕೆಳಗಿನ ಸೆನ್ಸರ್‌ಗಳ ಲೋಡ್ ವೈರುಗಳನ್ನು ಸೇರಿಸಿ ಎಲ್ಲ ಬಲ್ಬಿಗೂ ಕೊಡಬೇಕು. ಯಾವುದಕ್ಕೆ ಕಂಡರೂ ಇಡೀ ಮೆಟ್ಟಿಲು ಬೆಳಗುತ್ತದೆ. ರಿಲೇ (ಒಳಗಿನ ಪುಟ್ಟ ಸ್ವಿಚ್) ಇರುವ ಸೆನ್ಸರ್‌ಗಳಲ್ಲಿ, ಅಂದರೆ ಹೊತ್ತಿಕೊಳ್ಳುವಾಗ "ಟಿಕ್" ಅನ್ನುವವುಗಳಲ್ಲಿ, ಹೀಗೆ ಸೇರಿಸಲು ತೊಂದರೆಯಿಲ್ಲ. ಇಲ್ಲೂ ಅದೇ ನಿಯಮ, ಒಂದೇ ಫೇಸ್.

ಲೈನ್ ಇನ್ವರ್ಟರ್‌ನದೇ ಇರಲಿ. ಕರೆಂಟ್ ಹೋದಾಗ ತಾನೇ ಮೆಟ್ಟಿಲಿಗೆ ಬೆಳಕು ಬೇಕಾಗುವುದು? ಹಳೇ ಸ್ಕ್ವೇರ್ ವೇವ್ ಇನ್ವರ್ಟರ್ ಆದರೆ ಅಗ್ಗದ ಸೆನ್ಸರ್‌ಗಳು ಅದರಲ್ಲಿ ಮಿಣುಕಬಹುದು, ಬಿಸಿಯಾಗಬಹುದು. ಸೈನ್ ವೇವ್ ಆದರೆ ಚಿಂತೆ ಇಲ್ಲ.

ಹಂತ 5: ತಿರುಪುಗಳ ಹೊಂದಾಣಿಕೆ

ಸೆನ್ಸರ್ ಕೆಳಭಾಗದಲ್ಲೋ ಹಿಂದೆಯೋ ಎರಡು ಮೂರು ಪುಟ್ಟ ತಿರುಪು ಇರುತ್ತವೆ. ಟೈಮ್: ಎಷ್ಟು ಹೊತ್ತು ಉರಿಯಬೇಕು. ಲಕ್ಸ್: ಎಷ್ಟು ಕತ್ತಲಾದ ಮೇಲೆ ಕೆಲಸ ಶುರು ಮಾಡಬೇಕು. ಲಕ್ಸ್ ಅಂದರೆ ಬೆಳಕಿನ ಅಳತೆ. ಕೆಲವದರಲ್ಲಿ ಸೆನ್ಸ್ ಅನ್ನುವುದೂ ಇರುತ್ತದೆ, ಎಷ್ಟು ದೂರದವರೆಗೆ ನೋಡಬೇಕು ಅನ್ನುವುದು ಅದು.

ಕರೆಂಟ್ ಕೊಟ್ಟ ಕೂಡಲೇ ಲೈಟ್ ತಾನಾಗಿ ಹೊತ್ತಿಕೊಂಡು ಅರ್ಧದಿಂದ ಒಂದು ನಿಮಿಷ ಉರಿಯಬಹುದು. ಸುತ್ತಲ ಶಾಖಕ್ಕೆ ಸೆನ್ಸರ್ ಒಗ್ಗಿಕೊಳ್ಳುವ ಸಮಯ ಅದು. ಕರೆಂಟ್ ಹೋಗಿ ಬಂದಾಗಲೂ ಹೀಗಾಗುತ್ತದೆ, ಗಾಬರಿ ಬೇಡ.

ಮೊದಲು ಲಕ್ಸನ್ನು ಸೂರ್ಯನ ಚಿತ್ರದ ಕಡೆಗೆ ಪೂರ್ತಿ ತಿರುಗಿಸಿ, ಟೈಮ್ ಅತಿ ಕಡಿಮೆ ಇಡಿ. ಈಗ ಹಗಲಲ್ಲೂ ಕೆಲಸ ಮಾಡುತ್ತದೆ, ಬೇಗ ಆರುತ್ತದೆ. ಸೀಮೆಸುಣ್ಣದ ಗೆರೆ ದಾಟಿ ನೋಡಿ. ನಿಮ್ಮ ನಡಿಗೆಯಲ್ಲಿ ಮಾತ್ರ ಅಲ್ಲ, ಮಗು ನಡೆದರೆ, ಕೊಡೆ ಹಿಡಿದು ಬಂದರೆ, ಕಂಬಳಿ ಹೊದ್ದು ಬಂದರೆ. ಕಂಬಳಿ ಮೈಶಾಖವನ್ನು ಮುಚ್ಚುತ್ತದೆ, ಚಳಿಗಾಲದ ನಸುಕಿನಲ್ಲಿ ಇದು ನಿಜವಾದ ತೊಡಕು.

ಆಮೇಲೆ ಟೈಮ್. ಹತ್ತಡಿ ಎತ್ತರದ ಮಹಡಿಗೆ 18ರಿಂದ 20 ಮೆಟ್ಟಿಲು ಇರುತ್ತವೆ. ಮನೆಯಲ್ಲಿ ಅತಿ ನಿಧಾನ ಹತ್ತುವವರು ಯಾರು? ಮಂಡಿ ನೋವಿನ ಅಪ್ಪನೋ ಅಮ್ಮನೋ. ಅವರಿಗೆ ಎಷ್ಟು ಹೊತ್ತು ಬೇಕು ನೋಡಿ, ಅದರ ಎರಡು ಪಟ್ಟು ಇಡಿ. ಸಾಮಾನ್ಯವಾಗಿ ಒಂದೂವರೆಯಿಂದ ಎರಡು ನಿಮಿಷ. 30 ಸೆಕೆಂಡ್ ಸಾಕು ಅನ್ನುವವರು ಓಡಿ ಹತ್ತುವ ವಯಸ್ಸಿನವರು. ನಡು ಮೆಟ್ಟಿಲಲ್ಲಿ ಇದ್ದಕ್ಕಿದ್ದಂತೆ ಲೈಟ್ ಆರಿದರೆ, ಮೊದಲಿಂದ ಕತ್ತಲೆ ಇದ್ದದ್ದಕ್ಕಿಂತ ಅಪಾಯ ಹೆಚ್ಚು.

ಲಕ್ಸನ್ನು ಕೊನೆಗೆ, ಸಂಜೆಗೇ ಮಾಡಿ. ಮೆಟ್ಟಿಲು ಮಸುಕಾಗಿ, "ಈಗ ಲೈಟ್ ಬೇಕು" ಅನ್ನಿಸುವ ಹೊತ್ತಿಗೆ ತಿರುಪನ್ನು ಚಂದ್ರನ ಕಡೆಗೆ ಪೂರ್ತಿ ತಂದು, ಲೈಟ್ ಆರಲು ಬಿಡಿ. ಮುಂದೆ ಕೈ ಬೀಸುತ್ತಾ ತಿರುಪನ್ನು ನಿಧಾನವಾಗಿ ಸೂರ್ಯನ ಕಡೆ ತಿರುಗಿಸಿ. ಎಲ್ಲಿ ಹೊತ್ತಿಕೊಳ್ಳುತ್ತದೋ ಅಲ್ಲಿಗೆ ನಿಲ್ಲಿಸಿ. ಕಿಟಕಿಯಿಲ್ಲದ ಒಳ ಮೆಟ್ಟಿಲಾದರೆ ಈ ಕಸರತ್ತು ಬೇಡ, ಸೂರ್ಯನ ಕಡೆಗೇ ಬಿಟ್ಟುಬಿಡಿ.

ತೊಂದರೆ ಬಂದರೆ

*ಆರುವುದೇ ಇಲ್ಲ.* ಮೊದಲು ಟೂ-ವೇ ಸ್ವಿಚ್ ಆನ್ ಆಗಿದೆಯಾ ನೋಡಿ. ಇಲ್ಲದಿದ್ದರೆ ಸೆನ್ಸರ್ ಎದುರು ಯಾರೂ ಇಲ್ಲದಂತೆ ಮಾಡಿ ಕಾಯಿರಿ. ಪ್ರತಿ ಚಲನೆಗೂ ಟೈಮ್ ಹೊಸದಾಗಿ ಶುರುವಾಗುತ್ತದೆ, ಕೆಳಗೆ ನಿಂತು ನೋಡುತ್ತಿದ್ದರೆ ಆರುವುದಾದರೂ ಹೇಗೆ? ಲೆನ್ಸನ್ನು ಫಾಯಿಲ್‌ನಿಂದ ಪೂರ್ತಿ ಮುಚ್ಚಿದರೂ ಆರದಿದ್ದರೆ ಒಳಗಿನ ರಿಲೇ ಅಂಟಿಕೊಂಡಿದೆ. ಲೋಡ್ ಜಾಸ್ತಿಯಾದಾಗ ಹೀಗಾಗುತ್ತದೆ, ಸೆನ್ಸರ್ ಬದಲಿಸಬೇಕು.

*ಹೊತ್ತಿ ಆರಿ, ಹೊತ್ತಿ ಆರಿ ಆಗುತ್ತದೆ.* ಬಲ್ಬಿನ ಬೆಳಕೋ ಶಾಖವೋ ಸೆನ್ಸರ್‌ಗೆ ಬೀಳುತ್ತಿದೆ. ಎರಡನ್ನೂ ದೂರ ಮಾಡಿ, ಇಲ್ಲವೇ ನಡುವೆ ಮರೆ ಕೊಡಿ.

*ಯಾರೂ ಇಲ್ಲದೆ ಹೊತ್ತಿಕೊಳ್ಳುತ್ತದೆ.* ದೆವ್ವದ ಕತೆ ಶುರುವಾಗುವ ಮುಂಚೆ ಹಲ್ಲಿ ಹುಡುಕಿ. ಲೈಟಿಗೆ ಹುಳ ಬರುತ್ತದೆ, ಹುಳಕ್ಕೆ ಹಲ್ಲಿ ಬರುತ್ತದೆ. ಲೆನ್ಸ್ ಮೇಲೇ ಹರಿಯುವ ಹಲ್ಲಿ ಸೆನ್ಸರ್ ಪಾಲಿಗೆ ಆನೆ ಗಾತ್ರ. ಜೇಡರ ಬಲೆಯೂ ಗಾಳಿಗೆ ಅಲುಗಿ ಇದನ್ನೇ ಮಾಡುತ್ತದೆ. ಬಲ್ಬಿನಿಂದ ಸೆನ್ಸರನ್ನು ದೂರ ಇಟ್ಟರೆ ಹುಳದ ಕಾಟ ಅಷ್ಟರಮಟ್ಟಿಗೆ ಕಡಿಮೆ.

*ಬೇಸಿಗೆಯಲ್ಲಿ ಮಾತ್ರ ಸರಿಯಾಗಿ ಕೆಲಸ ಮಾಡುವುದಿಲ್ಲ.* ಕಲಬುರಗಿ, ರಾಯಚೂರು, ಬಳ್ಳಾರಿ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಮೈಯ ಶಾಖಕ್ಕೂ ಸುತ್ತಲ ಗೋಡೆಯ ಶಾಖಕ್ಕೂ ವ್ಯತ್ಯಾಸ ಇದ್ದರೆ ಮಾತ್ರ ಪಿಐಆರ್‌ಗೆ ಕಾಣುವುದು. ಗೋಡೆಯೇ 35 ಡಿಗ್ರಿ ದಾಟಿ ಕೂತಾಗ ನೋಟ ಮಂದವಾಗುತ್ತದೆ. ಬೇಸಿಗೆಗೆ ಸೆನ್ಸ್ ತಿರುಪನ್ನು ಪೂರ್ತಿ ಏರಿಸಿ. ಆ ಕಡೆಯ ಮನೆಗಳಲ್ಲಿ ಒಳ ಮೆಟ್ಟಿಲಿಗೆ ಮೈಕ್ರೊವೇವ್ ಹಾಕಿಸುವುದೂ ತಪ್ಪಲ್ಲ.

*ಆರಿದ ಮೇಲೂ ಬಲ್ಬ್ ಮಂಕಾಗಿ ಮಿನುಗುತ್ತದೆ.* ಎರಡು ವೈರಿನ ಸೆನ್ಸರ್ ಇರಬಹುದು. ಅಲ್ಲದಿದ್ದರೆ ಫೇಸ್ ಬದಲು ನ್ಯೂಟ್ರಲ್‌ನ್ನು ಕಡಿಯುವ ಹಾಗೆ ವೈರಿಂಗ್ ಆಗಿದೆ. ಎರಡನೆಯದು ಅಪಾಯ. ಬಲ್ಬ್ ಆರಿದ್ದರೂ ಹೋಲ್ಡರ್‌ನಲ್ಲಿ ಕರೆಂಟ್ ಇರುತ್ತದೆ. ಎಲೆಕ್ಟ್ರಿಷಿಯನ್ ಕರೆಸಿ ಸರಿಮಾಡಿಸಿ.

ಎರಡು ಮೂರು ಮನೆಗಳಿರುವ ಕಟ್ಟಡವಾದರೆ

ಮೂರು ಮಹಡಿಯ ಬಾಡಿಗೆ ಕಟ್ಟಡದಲ್ಲಿ ಇಡೀ ಮೆಟ್ಟಿಲನ್ನು ಒಂದೇ ಜಾಲ ಮಾಡಬೇಡಿ. ಪ್ರತಿ ಮಹಡಿಗೆ ಅದರದೇ ಸೆನ್ಸರ್, ಅದರದೇ ಲೈಟು. ನೆಲಮಹಡಿಯವರು ಹಾಲಿಗೆ ಹೊರಟರೆ ಮೂರನೇ ಮಹಡಿವರೆಗೂ ಉರಿಯುವುದು ಯಾಕೆ? ಆದರೆ ಒಂದೊಂದು ಸೆನ್ಸರ್‌ನ ನೋಟ ಮುಂದಿನ ಮಹಡಿಯ ಲೈಟ್ ಹೊತ್ತಿಕೊಳ್ಳುವ ಜಾಗದವರೆಗೂ ತಲುಪಬೇಕು. ನಡುವೆ ಕತ್ತಲ ತುಂಡು ಉಳಿಯಬಾರದು. ಲೈನನ್ನು ಕಾಮನ್ ಮೀಟರ್‌ನಿಂದಲೇ ಎಳೆಯಿಸಿ. ಯಾರದೋ ಮನೆಯ ಮೀಟರ್‌ನಿಂದ ಕದ್ದು ಕೊಟ್ಟ ಫೇಸ್ ಇನ್ನೊಂದು ಮನೆಯ ನ್ಯೂಟ್ರಲ್ ಸೇರಿಕೊಂಡರೆ ಜಗಳವೂ ಆಗುತ್ತದೆ, ಟ್ರಿಪ್ಪೂ ಆಗುತ್ತದೆ.

ಹೊರಗಿನ ಮೆಟ್ಟಿಲಿಗೆ ಹಾಕಿಸಿದವರು ಮಳೆಗಾಲಕ್ಕೆ ಮುಂಚೆ ಒಮ್ಮೆ ಲೈನ್ ತೆಗೆಸಿ ಜಂಕ್ಷನ್ ಬಾಕ್ಸ್ ತೆರೆಸಿ ನೋಡಿ. ಕರಾವಳಿ, ಮಲೆನಾಡಿನ ತೇವಕ್ಕೆ ಕನೆಕ್ಟರ್‌ನ ತಿರುಪು ಹಸಿರು ಹಿಡಿಯುತ್ತದೆ, ಇರುವೆ ಗೂಡು ಕಟ್ಟುತ್ತದೆ. ವೈರು ಒಳಗೆ ಹೋಗುವ ತೂತು ಬಾಕ್ಸಿನ ತಳದಲ್ಲಿರಲಿ. ಮೇಲಿದ್ದರೆ ವೈರಿನ ಮೇಲೇ ನೀರು ಹರಿದು ಒಳಗಿಳಿಯುತ್ತದೆ. ಲೆನ್ಸನ್ನು ಒಣಬಟ್ಟೆಯಲ್ಲಿ ಒರೆಸಿದರೆ ಸಾಕು, ಸೋಪು ಪುಡಿ, ಥಿನ್ನರ್ ಬೇಡ. ಸುಣ್ಣ ಬಣ್ಣ ಹೊಡೆಸುವಾಗ ಲೆನ್ಸ್ ಮೇಲೆ ಕಾಗದ ಅಂಟಿಸಲು ಪೇಂಟರ್‌ಗೆ ಹೇಳಿಡಿ, ಬಣ್ಣ ಒಣಗಿದ ಮೇಲೆ ಆ ಕಾಗದ ತೆಗೆಯಲು ನೀವು ಮರೆಯಬೇಡಿ.